ಹಾಸ್ಟೆಲ್ ಬಾಗಿಲಲ್ಲಿ ನಿಂತವರು

ಅಡ್ಯಾರ್‌ನಿಂದ ಗಿಂಡಿ ಕಡೆಗೆ ಹೋಗುವ ಸರ್ದಾರ್ ಪಟೇಲ್ ರಸ್ತೆಯಲ್ಲಿ ಐ.ಐ.ಟಿ. ಮದ್ರಾಸಿನ ದೊಡ್ಡ ಗೇಟು ಇದೆ. ಒಳಗೆ ಹೋದವರಿಗೆ ಮೊದಲು ಕಾಣುವುದು ಕಾಡು, ಆಮೇಲೆ ಜಿಂಕೆ, ಆಮೇಲೆ ಕಾಲೇಜು! ಅಲ್ಲಿಯ ಹಾಸ್ಟೆಲ್‌ಗಳಿಗೆಲ್ಲ ನದಿಗಳ ಹೆಸರು. ಕಾವೇರಿ, ಕೃಷ್ಣಾ, ನರ್ಮದಾ, ಗೋದಾವರಿ, ಗಂಗಾ, ಬ್ರಹ್ಮಪುತ್ರಾ, ತಾಮ್ರಪರ್ಣಿ.. ನಮ್ಮ ಶರಾವತಿ ಇದ್ದಾಳೆ, ತುಂಗಾ ಇದ್ದಾಳೆ, ಭದ್ರಾನೂ ಇದ್ದಾಳೆ. ಬ್ಯಾಂಕಿನ ವರ್ಗಾವಣೆ ಮೇಲೆ ಈ ಊರಿಗೆ ಬಂದು ನನಗೆ ಇಪ್ಪತ್ತೈದು ವರ್ಷದ ಮೇಲಾಯಿತು. ಕಾವೇರಿ ಹೆಸರು ಕೇಳಿದರೆ ಬೆಂಗಳೂರು ಬಸ್ಸು ನಿಂತುಹೋದ ದಿನಗಳೇ ನೆನಪಾಗುವ ನನ್ನಂಥವನಿಗೆ, ಅದೇ ಹೆಸರಿನ ಕಟ್ಟಡದಲ್ಲಿ ಬಿಹಾರದ ಹುಡುಗನೂ ಮಧುರೆಯ ಹುಡುಗನೂ ಒಂದೇ ಹಗ್ಗಕ್ಕೆ ಬಟ್ಟೆ ಒಣಹಾಕುವುದನ್ನು ನೋಡಿದರೆ ಏನೋ ಸಮಾಧಾನ.

1959ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಶುರುವಾದ ಸಂಸ್ಥೆ ಇದು. ಮೊದಲ ತಂಡದಲ್ಲಿ ಇದ್ದದ್ದು 120 ವಿದ್ಯಾರ್ಥಿಗಳು. ಶನಿವಾರ ರಾತ್ರಿ ಬಯಲು ರಂಗಮಂದಿರದಲ್ಲಿ ಸಿನಿಮಾ, ಕಿಟಕಿ ತೆರೆದಿಟ್ಟರೆ ಕೋಣೆಗೆ ನುಗ್ಗುವ ಮಂಗಗಳು, ತಮಿಳು ಹಿಂದಿ ಇಂಗ್ಲಿಷ್ ಬೆರೆಸಿದ ಅವರದೇ ಒಂದು ಭಾಷೆ. ಇಲ್ಲಿ ಓದಿದವರು ಎಲ್ಲೇ ಹೋದರೂ ಪಾಠಕ್ಕಿಂತ ಹಾಸ್ಟೆಲ್ ಸುದ್ದಿಯನ್ನೇ ಹೆಚ್ಚು ಮಾತಾಡುತ್ತಾರೆ. ಸಹಜ ಬಿಡಿ. ಹದಿನೆಂಟನೇ ವಯಸ್ಸಿಗೆ ಗೊತ್ತಿಲ್ಲದವನ ಪಕ್ಕದ ಹಾಸಿಗೆಯಲ್ಲಿ ಮಲಗಿ, ಗೊತ್ತಿಲ್ಲದವನ ಪಕ್ಕದಲ್ಲಿ ಉಣ್ಣುವುದೇ ಒಂದು ದೊಡ್ಡ ಪಾಠ.

ಆದರೆ ಈ "ಪಕ್ಕದಲ್ಲಿ ಉಣ್ಣುವುದು" ನಮ್ಮ ದೇಶದಲ್ಲಿ ಅಷ್ಟು ಸುಲಭಕ್ಕೆ ಬಂದದ್ದಲ್ಲ. ಹಾಸ್ಟೆಲ್‌ಗಳ ಚರಿತ್ರೆ ಓದುತ್ತಾ ಹೋದಂತೆ ನನಗೆ ಒಂದು ವಿಷಯ ಮತ್ತೆ ಮತ್ತೆ ಕಂಡಿತು. ಯಾರೋ ಒಬ್ಬರಿಗೆ ಒಂದು ಹಾಸ್ಟೆಲ್ ಬಾಗಿಲು ಮುಚ್ಚಿತು, ಅದಕ್ಕೇ ಇನ್ನೊಂದು ಹಾಸ್ಟೆಲ್ ಹುಟ್ಟಿತು. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಅಡ್ಯಾರ್‌ನಲ್ಲೇ ಇದೆ. ಅದಕ್ಕೆ ಬರುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಾಸ್ಟೆಲ್ ಇಲ್ಲದ ಕಾಲದಲ್ಲಿ ಇದ್ದದ್ದು ವಾರಾನ್ನ. ಹಳೆಯ ತಲೆಮಾರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ ಹೊಂದಿಸಿಕೊಂಡರೆ ಹುಡುಗನ ಓದು ಸಾಗಿತು. ಒಂದು ಮನೆ ಸಿಗದಿದ್ದರೆ ಆ ದಿನ ಉಪವಾಸ. ಎಷ್ಟೋ ದೊಡ್ಡ ವಕೀಲರು, ಮೇಷ್ಟರುಗಳು ಈ ಏಳು ಮನೆಯ ಋಣದಲ್ಲಿ ಬೆಳೆದವರು. ಆದರೆ ಗಮನಿಸಿ, ವಾರಾನ್ನ ಸಿಗುತ್ತಿದ್ದದ್ದು ಹೆಚ್ಚಾಗಿ ಸ್ವಜಾತಿಯವರ ಮನೆಯಲ್ಲಿ. ಪೇಟೆಯಲ್ಲಿ ತನ್ನವರ ಏಳು ಮನೆ ಇಲ್ಲದ ಜಾತಿಯ ಹುಡುಗ ಏನು ಮಾಡಬೇಕು? ಹೆಣ್ಣುಮಗಳು ಏನು ಮಾಡಬೇಕು? ಆ ಪ್ರಶ್ನೆಯನ್ನು ಬಹುಕಾಲ ಯಾರೂ ಕೇಳಲೇ ಇಲ್ಲ.

ಮದ್ರಾಸಿನಲ್ಲಿ ಅದನ್ನು ಕೇಳಿದವರಲ್ಲಿ ಮುಖ್ಯರಾದವರು ಸಿಸ್ಟರ್ ಸುಬ್ಬಲಕ್ಷ್ಮಿ. 1886ರಲ್ಲಿ ಹುಟ್ಟಿದ ಈಕೆ ಬಾಲವಿಧವೆ. 1911ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಪದವಿ ಪಡೆದು, ತನ್ನಂಥದೇ ನಾಲ್ಕಾರು ಬಾಲವಿಧವೆಯರನ್ನು ಮನೆಯಲ್ಲಿ ಇಟ್ಟುಕೊಂಡು ಓದಿಸತೊಡಗಿದರು. ಮುಂದೆ ಆ ಮನೆಯೇ ಸರ್ಕಾರದ ನೆರವಿನ ಹಾಸ್ಟೆಲ್ ಆಯಿತು. ಮರೀನಾ ಕಡಲ ತೀರದ 'ಐಸ್ ಹೌಸ್' ಗೊತ್ತಲ್ಲ? 1840ರ ದಶಕದಲ್ಲಿ ಅಮೆರಿಕದಿಂದ ಹಡಗಿನಲ್ಲಿ ತಂದ ಮಂಜುಗಡ್ಡೆಯನ್ನು ಕೂಡಿಡಲು ಕಟ್ಟಿದ ಕಟ್ಟಡ. 1897ರಲ್ಲಿ ವಿವೇಕಾನಂದರು ಕೆಲವು ದಿನ ತಂಗಿದ್ದು ಅಲ್ಲೇ. ಈಗ ಅದಕ್ಕೆ ಅವರದೇ ಹೆಸರು. ಆ ಕಟ್ಟಡಕ್ಕೆ ಈ ಹುಡುಗಿಯರ ಹಾಸ್ಟೆಲ್ ಬಂತು. ತಲೆ ಬೋಳಿಸಿ ಮೂಲೆಗೆ ಕೂರಿಸಬೇಕಾಗಿದ್ದ ಹುಡುಗಿಯರು ಅಲ್ಲಿಂದ ಓದಿ ಟೀಚರ್‌ಗಳಾಗಿ ಹೊರಬಂದರು. ಸಣ್ಣ ಕೆಲಸವಲ್ಲ ಅದು.

ಆದರೆ ಆ ಹಾಸ್ಟೆಲ್ ಬ್ರಾಹ್ಮಣ ವಿಧವೆಯರಿಗೆ ಮಾತ್ರ. ಹಾಗಿಲ್ಲದಿದ್ದರೆ ಅಪ್ಪಂದಿರು ಮಗಳನ್ನು ಕಳಿಸುತ್ತಲೇ ಇರಲಿಲ್ಲ ಎಂಬುದು ಆ ಕಾಲದ ಲೆಕ್ಕಾಚಾರ. ಲೆಕ್ಕಾಚಾರ ಸರಿಯೇ ಇರಬಹುದು, ಆದರೆ ಬಾಗಿಲ ಹೊರಗೆ ಉಳಿದವರು ಉಳಿದೇ ಉಳಿದರು.

ಈಗ ಅಡ್ಯಾರ್‌ಗೆ ಬರೋಣ. ಡಾ. ಮುತ್ತುಲಕ್ಷ್ಮಿ ರೆಡ್ಡಿ ಹುಟ್ಟಿದ್ದೂ 1886ರಲ್ಲೇ, ಪುದುಕ್ಕೋಟೆಯಲ್ಲಿ. ಅಪ್ಪ ಅಲ್ಲಿಯ ಮಹಾರಾಜಾ ಕಾಲೇಜಿನಲ್ಲಿದ್ದ ನಾರಾಯಣಸ್ವಾಮಿ ಅಯ್ಯರ್, ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಗಂಡುಹುಡುಗರ ಕಾಲೇಜಿಗೆ ಈ ಹುಡುಗಿ ಬರುತ್ತಾಳೆ ಅಂದಾಗ ಊರಲ್ಲಿ ಗಲಾಟೆಯೇ ಆಯಿತು. ಪುದುಕ್ಕೋಟೆಯ ರಾಜರು ಒಪ್ಪಿದ್ದರಿಂದ ಸೀಟು ಸಿಕ್ಕಿತು. 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ವೈದ್ಯೆಯಾಗಿ ಹೊರಬಂದರು. ಮುಂದೆ ಮದ್ರಾಸ್ ವಿಧಾನ ಪರಿಷತ್ತಿನ ಮೊದಲ ಮಹಿಳಾ ಸದಸ್ಯೆಯಾಗಿ, ಅದರ ಉಪಾಧ್ಯಕ್ಷೆಯೂ ಆಗಿ, ಹೆಣ್ಣುಮಕ್ಕಳನ್ನು ದೇವಸ್ಥಾನಕ್ಕೆ ಅರ್ಪಿಸುವ ಪದ್ಧತಿ ನಿಲ್ಲಬೇಕೆಂದು ಹೋರಾಡಿದರು.

ಇಂಥ ಹೋರಾಟ ಮಾಡುವಾಗ ಒಂದು ತೊಡಕು ಇರುತ್ತದೆ ನೋಡಿ. "ಈ ಬದುಕು ಬಿಟ್ಟು ಬನ್ನಿ" ಅಂತ ಭಾಷಣ ಮಾಡಿದಿರಿ. ಹುಡುಗಿಯರು ನಿಜವಾಗಿ ಬಿಟ್ಟು ಬಂದುಬಿಟ್ಟರೆ? ಬಂದೇಬಿಟ್ಟರು. ದೇವದಾಸಿ ಮನೆತನದ ಕೆಲವು ಹುಡುಗಿಯರು ಓದಬೇಕು ಅಂತ ಮುತ್ತುಲಕ್ಷ್ಮಿಯವರ ಮನೆ ಬಾಗಿಲಿಗೆ ಬಂದು ನಿಂತರು. ಇವರು ಹಾಸ್ಟೆಲ್‌ಗಳಲ್ಲಿ ಜಾಗ ಕೇಳಿದರು. ಶಾಸನಸಭೆಯ ಸದಸ್ಯೆ, ಹೆಸರಾಂತ ಡಾಕ್ಟರು ಕೇಳಿದರೂ ಆ ಹುಡುಗಿಯರನ್ನು ಸೇರಿಸಿಕೊಳ್ಳಲು ಹಾಸ್ಟೆಲ್‌ಗಳು ತಯಾರಿರಲಿಲ್ಲ. ಅವರು ಬೇಡವೆಂದು ಬಿಟ್ಟು ಬಂದ ಗುರುತನ್ನೇ ಮುಂದೆ ಹಿಡಿದು ವಾಪಸು ಕಳಿಸಿದರು.

ಮುತ್ತುಲಕ್ಷ್ಮಿ ಅವರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. 1930ರಲ್ಲಿ ಹುಟ್ಟಿದ 'ಅವ್ವೈ ಇಲ್ಲಂ' ಅಂದರೆ ಅದೇ. ತಮಿಳಿನ ಹಳೆಯ ಕವಯಿತ್ರಿ ಅವ್ವೈಯಾರ್ ಹೆಸರು ಅದಕ್ಕೆ. ಜಾತಿ ಕೇಳದೆ, ತಾಯಿ ಯಾರೆಂದು ಕೇಳದೆ ಹುಡುಗಿಯರನ್ನು ಸೇರಿಸಿಕೊಂಡ ಮನೆ. ಮುಂದೆ ಅದು ಅಡ್ಯಾರ್‌ನ ಬೆಸೆಂಟ್ ಅವೆನ್ಯೂಗೆ ಬಂತು, ಶಾಲೆಯೂ ಆಯಿತು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನು ಮದ್ರಾಸಿನಲ್ಲಿ ಬಂದದ್ದು 1947ರಲ್ಲಿ. ಅಂದರೆ ಕಾನೂನಿಗಿಂತ ಹದಿನೇಳು ವರ್ಷ ಮೊದಲೇ ಹಾಸ್ಟೆಲ್ ಬಂದಿತ್ತು! ಅಡ್ಯಾರ್ ಅಂದರೆ ಹೊರಗಿನವರಿಗೆ ಕ್ಯಾನ್ಸರ್ ಆಸ್ಪತ್ರೆ ನೆನಪಾಗುತ್ತದೆ. 1954ರಲ್ಲಿ ಶುರುವಾದ ಆ ಆಸ್ಪತ್ರೆಯೂ ಇದೇ ಮುತ್ತುಲಕ್ಷ್ಮಿಯವರ ಕೆಲಸ. ಆಸ್ಪತ್ರೆಗೆ ಸಿಕ್ಕ ಹೆಸರು ಆ ಮನೆಗೂ ಸಿಗಬೇಕಿತ್ತು ಅಂತ ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ನನಗೆ ಅನ್ನಿಸುತ್ತದೆ.

ಊಟದ ಪಂಕ್ತಿಯಿಂದ ರಾಜಕೀಯವೇ ಅಲ್ಲಾಡಿದ ಕಥೆಯೂ ತಮಿಳುನಾಡಿನಲ್ಲಿದೆ. ತಿರುನೆಲ್ವೇಲಿ ಹತ್ತಿರದ ಚೇರನ್ಮಾದೇವಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರ ವ.ವೆ.ಸು. ಅಯ್ಯರ್ ಒಂದು ಗುರುಕುಲ ನಡೆಸುತ್ತಿದ್ದರು. ಕಾಂಗ್ರೆಸ್ ದುಡ್ಡೂ ಬಂದಿತ್ತು. ದೇಶಭಕ್ತಿಯ ಪಾಠ ಎಲ್ಲರಿಗೂ ಒಂದೇ, ಆದರೆ ಇಬ್ಬರು ಬ್ರಾಹ್ಮಣ ಹುಡುಗರಿಗೆ, ಅವರ ಹೆತ್ತವರು ಕೇಳಿಕೊಂಡರೆಂದು, ಊಟ ಬೇರೆ ಕಡೆ. ಇಷ್ಟೇ ವಿಷಯ! 1924-25ರಲ್ಲಿ ಇದು ಪ್ರಾಂತವಿಡೀ ಜಗಳವಾಗಿ, ವರದರಾಜುಲು ನಾಯ್ಡು, ಪೆರಿಯಾರ್ ಎದ್ದು ನಿಂತರು. 1925ರ ಕೊನೆಗೆ ಪೆರಿಯಾರ್ ಕಾಂಗ್ರೆಸ್ ಬಿಟ್ಟರು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಈ ಎರಡು ಎಲೆಗಳು ಅದರಲ್ಲಿ ದೊಡ್ಡ ಕಾರಣ.

"ಹಾಗಾದರೆ ಎಲ್ಲರಿಗೂ ಒಂದೇ ಹಾಸ್ಟೆಲ್ ಮಾಡಿದ್ದರೆ ಮುಗಿಯುತ್ತಿತ್ತಲ್ಲ?" ಅಂತ ನೀವು ಕೇಳಬಹುದು. ನಮ್ಮ ಬೆಳಗಾವಿ ಪಕ್ಕದ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಅದನ್ನೇ ಮಾಡಿ ನೋಡಿದರು. 1896ರಲ್ಲಿ ಎಲ್ಲ ಜಾತಿಗೂ ಒಂದು ಹಾಸ್ಟೆಲ್ ತೆರೆದರು. ಕೆಲವೇ ವರ್ಷದಲ್ಲಿ ಅದು ಒಂದೇ ಜಾತಿಯ ಹಾಸ್ಟೆಲ್ ಆಗಿಹೋಯಿತು. ಬೋರ್ಡಿನಲ್ಲಿ 'ಎಲ್ಲರಿಗೂ' ಅಂತ ಬರೆದರೆ ಸಾಲದು, ಒಳಗೆ ಬಂದವನಿಗೆ ಕೂರಲು ಧೈರ್ಯ ಬರಬೇಕು. 1901ರಲ್ಲಿ ಅವರು ಮರಾಠಾ ಹುಡುಗರಿಗೆ ಪ್ರತ್ಯೇಕ ಬೋರ್ಡಿಂಗ್ ಮಾಡಿದರು. ಆಮೇಲೆ ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ ಒಂದೊಂದು, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ಮಿಸ್ ಕ್ಲಾರ್ಕ್ ಹಾಸ್ಟೆಲ್. ಜಾತಿಗೊಂದು ಹಾಸ್ಟೆಲ್ ಅಂದರೆ ಇವತ್ತು ಮುಖ ಸಿಂಡರಿಸುತ್ತೇವೆ. ಆದರೆ ಆ ದಿನಗಳಲ್ಲಿ ಅದೇ ಏಣಿಯ ಮೊದಲ ಮೆಟ್ಟಿಲು.

ಮೈಸೂರು ಸೀಮೆಯಲ್ಲೂ ಹೀಗೇ ಆಯಿತು. ಒಂದೊಂದು ಸಮುದಾಯ ತನ್ನ ಮಕ್ಕಳಿಗೆ ತಾನೇ ಬೋರ್ಡಿಂಗ್ ಕಟ್ಟಿಕೊಂಡಿತು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ದಲಿತ ಹುಡುಗರಿಗೆ ಆಸರೆಯಾಯಿತು. ಕವಿ ಸಿದ್ಧಲಿಂಗಯ್ಯ ಅಲ್ಲಿದ್ದು ಓದಿದವರು. ಅವರ 'ಊರು ಕೇರಿ' ಓದಿದವರು ಆ ಹಾಸ್ಟೆಲ್‌ನ ಪುಟಗಳನ್ನು ಮರೆಯುವುದಿಲ್ಲ. ತುಮಕೂರಿನ ಸಿದ್ಧಗಂಗೆಯದ್ದು ಇನ್ನೊಂದು ದಾರಿ. 1941ರಿಂದ 2019ರವರೆಗೆ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ವಸತಿ ಮೂರನ್ನೂ ಜಾತಿ ಕೇಳದೆ ಕೊಟ್ಟರು. ಸಾವಿರಾರು ಮಕ್ಕಳು ಒಂದೇ ಸಾಲಲ್ಲಿ ಕೂತು ಉಣ್ಣುವ ಆ ನೋಟ ನೋಡಿದವರಿಗೆ ಬೇರೆ ಭಾಷಣ ಬೇಕಾಗಿಲ್ಲ. 1970ರ ದಶಕದಲ್ಲಿ ದೇವರಾಜ ಅರಸರ ಕಾಲಕ್ಕೆ ಸರ್ಕಾರಿ ಹಾಸ್ಟೆಲ್‌ಗಳು ಹೆಚ್ಚಿದವು. ಅಪ್ಪನಿಗೆ ಸಹಿ ಬಾರದ ಎಷ್ಟೋ ಮನೆಗಳಿಂದ ಮೊದಲ ಗ್ರಾಜುಯೇಟ್ ಬಂದದ್ದು ಆ ಹಾಸ್ಟೆಲ್‌ಗಳ ಮೂಲಕ.

ನಾನು ಬಿ.ಕಾಂ. ಓದಿದ್ದೂ ಇಂಥದೇ ಒಂದು ಸಮುದಾಯದ ಹಾಸ್ಟೆಲ್‌ನಲ್ಲಿ ಇದ್ದುಕೊಂಡು. ಊರಿನ ಹೆಸರು ಬೇಡ. ಕೋಣೆಗೆ ಆರು ಜನ, ತಲೆಗೊಂದು ಟ್ರಂಕು, ಒಂದು ಚಾಪೆ. ನೀರಿನಂಥ ಸಾರು, ಭಾನುವಾರ ಪಾಯಸ. ತಿಂಗಳ ಖರ್ಚು ಎಷ್ಟು ಕಮ್ಮಿಯೆಂದರೆ ಅಪ್ಪ ಒಂದು ಚೀಲ ರಾಗಿ ಮಾರಿ ಒಂದು ಟರ್ಮ್ ಕಳೆಯುತ್ತಿದ್ದರು. ಆ ಹಾಸ್ಟೆಲ್ ಇಲ್ಲದಿದ್ದರೆ ನಾನು ಬ್ಯಾಂಕಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಅದರ ಋಣ ನನ್ನ ಮೇಲಿದೆ.

ಆದರೆ ಅರ್ಜಿಯ ಎರಡನೇ ಸಾಲಿನಲ್ಲೇ ಜಾತಿ ಬರೆಯಬೇಕಿತ್ತು. ನಮ್ಮ ತರಗತಿಯಲ್ಲಿ ಒಬ್ಬನಿದ್ದ, ಅಕೌಂಟೆನ್ಸಿಯಲ್ಲಿ ನಮ್ಮೆಲ್ಲರಿಗಿಂತ ಚುರುಕು. ಬ್ಯಾಲೆನ್ಸ್ ಶೀಟು ತಾಳೆಯಾಗದಿದ್ದರೆ ನಾವು ಹುಡುಕುತ್ತಿದ್ದದ್ದು ಅವನನ್ನೇ. ಅವನ ಜಾತಿಯವರ ಹಾಸ್ಟೆಲ್ ಆ ಊರಲ್ಲಿ ಇರಲಿಲ್ಲ, ಸರ್ಕಾರಿ ಹಾಸ್ಟೆಲ್ ತುಂಬಿಹೋಗಿತ್ತು. ಇಪ್ಪತ್ತೆರಡು ಕಿಲೋಮೀಟರ್ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಎರಡು ಪೀರಿಯಡ್ ಹೋಯಿತು. ಪರೀಕ್ಷೆ ಸಮಯದಲ್ಲಿ ನಾವು ಅವನನ್ನು ನಮ್ಮ ಕೋಣೆಯಲ್ಲೇ ಇಟ್ಟುಕೊಂಡೆವು. ಎರಡನೇ ರಾತ್ರಿ ವಾರ್ಡನ್‌ಗೆ ಗೊತ್ತಾಯಿತು. ಬೈಯಲಿಲ್ಲ, ಕೂಗಾಡಲಿಲ್ಲ. "ಕಮಿಟಿಯವರು ಒಪ್ಪಲ್ಲಪ್ಪ" ಅಂದು ಟಾರ್ಚು ಹಿಡಿದು ಗೇಟಿನವರೆಗೆ ಬಿಟ್ಟುಬಂದರು. ಮಾರನೇ ವರ್ಷ ಅವನು ಕಾಲೇಜಿಗೆ ಬರಲಿಲ್ಲ. ಅವನಿಗೆ ಬುದ್ಧಿ ಕಮ್ಮಿಯಾಗಿರಲಿಲ್ಲ, ಇಪ್ಪತ್ತೆರಡು ಕಿಲೋಮೀಟರ್ ಜಾಸ್ತಿಯಾಗಿತ್ತು ಅಷ್ಟೆ.

ಈಗ ಕಾಲ ಬದಲಾಗಿದೆ, ನಿಜ. 2001ರಲ್ಲಿ ಬ್ಯಾಂಕುಗಳಿಗೆ ಬಂದ ಮಾದರಿ ಶಿಕ್ಷಣ ಸಾಲದ ಯೋಜನೆಯಲ್ಲಿ ಕಾಲೇಜು ಫೀಸಿನ ಜೊತೆ ಹಾಸ್ಟೆಲ್ ಫೀಸನ್ನೂ ಸೇರಿಸಬಹುದು, 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಜೂನ್, ಜುಲೈ ಬಂತೆಂದರೆ ನನ್ನ ಮೇಜಿನ ಮೇಲೆ ಇವೇ ಅರ್ಜಿಗಳು. ದುಡ್ಡಿನ ತೊಡಕು ಪೂರ್ತಿ ಹೋಗಿಲ್ಲವಾದರೂ ಅದಕ್ಕೊಂದು ದಾರಿ ಇದೆ. ಪಂಕ್ತಿಯ ತೊಡಕಿಗೆ ಸಾಲ ಕೊಡುವ ಬ್ಯಾಂಕು ಇಲ್ಲ. 2018ರ ಡಿಸೆಂಬರ್‌ನಲ್ಲಿ, ಮೇಲೆ ಹೇಳಿದ ಅದೇ ಐ.ಐ.ಟಿ.ಯ ಹಿಮಾಲಯ ಮೆಸ್ಸಿನಲ್ಲಿ ಸಸ್ಯಾಹಾರಿಗಳು ಒಳಬರುವುದಕ್ಕೆ ಬೇರೆ ಬಾಗಿಲು, ಕೈ ತೊಳೆಯುವುದಕ್ಕೆ ಬೇರೆ ಬೇಸಿನ್ ಅಂತ ಚೀಟಿ ಅಂಟಿಸಿದ್ದು ಪತ್ರಿಕೆಗಳಲ್ಲಿ ಬಂತು. ವಿದ್ಯಾರ್ಥಿಗಳು ವಿರೋಧಿಸಿದ ಮೇಲೆ ಚೀಟಿ ಕಿತ್ತರು. ಬೇರೆ ಅಡಿಗೆ ಬೇಕು ಅನ್ನುವುದು ನನಗೆ ಅರ್ಥವಾಗುತ್ತದೆ, ನಾಲಿಗೆ ಅವರವರದ್ದು. ಕೈ ತೊಳೆಯುವ ನೀರೂ ಬೇರೆ ಬೇಕು ಅಂದರೆ ಅದು ನಾಲಿಗೆಯ ವಿಷಯವಲ್ಲ. ಚೇರನ್ಮಾದೇವಿಯ ಜಗಳವಾಗಿ ಆಗಲೇ ತೊಂಬತ್ತು ವರ್ಷ ದಾಟಿತ್ತು.

ನಮ್ಮ ಕಡೆಯ ಎಷ್ಟೋ ಹೆತ್ತವರು ಈಗ ಮಕ್ಕಳನ್ನು ಚೆನ್ನೈಗೆ ಓದಲು ಕಳಿಸುತ್ತಾರೆ. ಕನ್ನಡದವನು ಅಂತ ನನ್ನ ಬಳಿ ವಿಚಾರಿಸುತ್ತಾರೆ: ಹಾಸ್ಟೆಲ್ ಹೇಗಿದೆ ಸಾರ್, ಊಟಕ್ಕೆ ಅನ್ನ ಮಾತ್ರವಾ, ಚಪಾತಿ ಸಿಗುತ್ತದಾ, ವೈಫೈ ಇದೆಯಾ? ಎಲ್ಲ ಹೇಳುತ್ತೇನೆ. ಕೊನೆಗೆ ನಾನೂ ಒಂದು ಮಾತು ಸೇರಿಸುತ್ತೇನೆ. ಮೊದಲ ದಿನ ಮಗುವನ್ನು ಬಿಡಲು ಹೋದಾಗ ಕೋಣೆ, ಮಂಚ, ಫ್ಯಾನು ನೋಡಿ, ಆಮೇಲೆ ಊಟದ ಹೊತ್ತಿಗೆ ಮೆಸ್ಸಿಗೂ ಹೋಗಿ ನಿಲ್ಲಿ. ಯಾರು ಯಾರ ಪಕ್ಕದಲ್ಲಿ ಕೂತಿದ್ದಾರೆ, ಯಾರು ಮೂಲೆಯಲ್ಲಿ ಒಬ್ಬರೇ ಕೂತಿದ್ದಾರೆ ನೋಡಿ. ಆ ಒಬ್ಬನ ಪಕ್ಕ ಹೋಗಿ ಕೂತುಕೋ ಅಂತ ನಿಮ್ಮ ಮಗನಿಗೋ ಮಗಳಿಗೋ ಹೇಳಿ ಬನ್ನಿ.

ನಿಮ್ಮೂರಿನ ಹಾಸ್ಟೆಲ್ ಯಾರು ಕಟ್ಟಿಸಿದ್ದು, ಯಾಕೆ ಕಟ್ಟಿಸಿದ್ದು ಅಂತ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಬಾಗಿಲಿನಿಂದ ವಾಪಸು ಹೋದ ಒಬ್ಬ ಹುಡುಗನೋ ಹುಡುಗಿಯೋ ಅದರ ಹಿಂದೆ ಇದ್ದೇ ಇರುತ್ತಾರೆ.