ಜಾಲಪುಟದಲ್ಲಿ ಚಿತ್ರಗಳು ತಡವಾಗಿ ಮೂಡುವ ವ್ಯವಸ್ಥೆ: ಅರ್ಜಿದಾರರಿಗೆ ಮಾಹಿತಿ

ಜಾಲಪುಟವನ್ನು ತೆರೆದೊಡನೆ ಎಲ್ಲ ಚಿತ್ರಗಳೂ ಕಾಣಿಸದೆ, ಕೆಲವೆಡೆ ಖಾಲಿ ಚೌಕಗಳು ಕಂಡುಬರಬಹುದು. ಇದು ದೋಷವೇ ಆಗಿರಬೇಕೆಂದಿಲ್ಲ. ಪುಟವನ್ನು ಕೆಳಕ್ಕೆ ಸರಿಸಿದಂತೆ ಆಯಾ ಚಿತ್ರವನ್ನು ತರಿಸುವ ಈ ವ್ಯವಸ್ಥೆಗೆ ‘ಲೇಜಿ ಲೋಡಿಂಗ್’ ಎಂದು ಹೆಸರು. ಇದರಿಂದ ನೋಡದ ಚಿತ್ರಗಳಿಗಾಗಿ ಡೇಟಾ ವ್ಯಯವಾಗುವುದು ತಪ್ಪುತ್ತದೆ; ಪಠ್ಯವೂ ಬೇಗನೆ ಮೂಡುತ್ತದೆ.

ಕಾರ್ಯವಿಧಾನ:
ಸಾಮಾನ್ಯವಾಗಿ ಚಿತ್ರದ ವಿಳಾಸವನ್ನು ‘ಎಸ್‌ಆರ್‌ಸಿ’ ಎಂಬ ಗುಣಸೂಚಕದಲ್ಲಿ ನಮೂದಿಸಿದರೆ ಬ್ರೌಸರ್ ಅದನ್ನು ಕೂಡಲೇ ತರಿಸುತ್ತದೆ. ಆದುದರಿಂದ ವಿಳಾಸವನ್ನು ಬೇರೊಂದು ಹೆಸರಿನಡಿ ಇರಿಸಿ, ಚಿತ್ರದ ಸ್ಥಾನವು ಪರದೆಯ ಸಮೀಪಕ್ಕೆ ಬಂದಾಗ ಜಾವಾಸ್ಕ್ರಿಪ್ಟ್ ಮೂಲಕ ‘ಎಸ್‌ಆರ್‌ಸಿ’ಗೆ ವರ್ಗಾಯಿಸಲಾಗುತ್ತದೆ. ಕ್ರೋಮ್‌ನಲ್ಲಿ 2019ರಿಂದ ಹಾಗೂ ಫೈರ್‌ಫಾಕ್ಸ್‌ನಲ್ಲಿ 75ನೇ ಆವೃತ್ತಿಯಿಂದ (2020) ಪ್ರತ್ಯೇಕ ಸ್ಕ್ರಿಪ್ಟ್ ಇಲ್ಲದೆಯೇ ‘ಲೋಡಿಂಗ್’ ಎಂಬ ಗುಣಸೂಚಕದಿಂದ ಈ ಕಾರ್ಯ ಸಾಧ್ಯವಾಗಿದೆ.

ಅರ್ಜಿದಾರರ ಗಮನಕ್ಕೆ:
1. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಸ್ಥಗಿತಗೊಳಿಸಿದ್ದಲ್ಲಿ, ಸ್ಕ್ರಿಪ್ಟ್ ಅವಲಂಬಿಸಿದ ಚಿತ್ರಗಳು ಮೂಡದೇ ಇರಬಹುದು.
2. ಅರ್ಜಿ ಅಥವಾ ಸ್ವೀಕೃತಿಯನ್ನು ಮುದ್ರಿಸುವ ಮುನ್ನ ಪುಟವನ್ನು ಕೊನೆಯವರೆಗೆ ಸರಿಸಿ, ಭಾವಚಿತ್ರ, ಸಹಿ ಹಾಗೂ ನಕ್ಷೆ ಮೂಡಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ತಪ್ಪಿದಲ್ಲಿ ಮುದ್ರಿತ ಪ್ರತಿಯಲ್ಲಿ ಆ ಸ್ಥಳ ಖಾಲಿ ಉಳಿದು, ಪರಿಶೀಲನೆಯ ವೇಳೆ ಅರ್ಜಿಯು ಅಪೂರ್ಣವೆಂದು ಹಿಂತಿರುಗಬಹುದು.
3. ಮುದ್ರಣಕ್ಕೆ ಮೊದಲು ‘ಪ್ರಿಂಟ್ ಪ್ರಿವ್ಯೂ’ ನೋಡುವುದು ಸೂಕ್ತ.
4. ಆ ಬಳಿಕವೂ ಚಿತ್ರ ಮೂಡದಿದ್ದಲ್ಲಿ, ಭರ್ತಿ ಮಾಡಿದ ವಿವರಗಳನ್ನು ಮೊದಲು ಉಳಿಸಿಕೊಂಡು ನಂತರ ಪುಟವನ್ನು ಪುನಃ ತೆರೆಯತಕ್ಕದ್ದು. ಉಳಿಸದ ವಿವರಗಳು ಅಳಿಸಿಹೋಗುವ ಸಂಭವವಿರುತ್ತದೆ.