ರೋ ಜಿಂಕೆಯ ಋತುವರ್ಣ

ಯುರೋಪಿನ ಕಾಡು, ಹೊಲದಂಚುಗಳಲ್ಲಿ ವಾಸಿಸುವ ರೋ ಜಿಂಕೆ ವರ್ಷಕ್ಕೆ 2 ಬಾರಿ ಕೂದಲು ಉದುರಿಸಿ ಮೈಬಣ್ಣ ಬದಲಿಸುತ್ತದೆ. ಬೇಸಿಗೆಯಲ್ಲಿ ಕೆಂಗಂದು ಬಣ್ಣದ ತೆಳು ತುಪ್ಪಳ. ಚಳಿಗಾಲದಲ್ಲಿ ಬೂದುಗಂದಿನ ದಟ್ಟ ತುಪ್ಪಳ, ಪೃಷ್ಠದಲ್ಲಿ ಎದ್ದು ಕಾಣುವ ಬಿಳಿ ಮಚ್ಚೆ. ಸೋಜಿಗವೆಂದರೆ, ಈ ಬದಲಾವಣೆಗೆ ಮುಖ್ಯ ಸೂಚನೆ ಚಳಿಯಲ್ಲ, ಹಗಲಿನ ಉದ್ದ. ಇರುಳು ದೀರ್ಘವಾದಂತೆ ಮಿದುಳಿನ ಪೀನಿಯಲ್ ಗ್ರಂಥಿ ಹೆಚ್ಚು ಹೊತ್ತು ಮೆಲಟೋನಿನ್ ಹಾರ್ಮೋನನ್ನು ಸ್ರವಿಸುತ್ತದೆ. ಇದರಿಂದ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನಿನ ಮಟ್ಟ ಇಳಿದು ಚಳಿಗಾಲದ ಕೂದಲು ಮೂಡುತ್ತದೆ. ಆ ಕೂದಲಿನೊಳಗಿನ ಗಾಳಿ ಮೈಶಾಖವನ್ನು ಕಾಯುತ್ತದೆ. ವಸಂತದಲ್ಲಿ ಹಳೆಯ ತುಪ್ಪಳ ಗೊಂಚಲು ಗೊಂಚಲಾಗಿ ಕಳಚುವಾಗ ಆರೋಗ್ಯವಂತ ಪ್ರಾಣಿಯೂ ರೋಗಿಷ್ಟವಾಗಿ ತೋರುವುದುಂಟು. ಶರತ್ಕಾಲದ ಬದಲಾವಣೆ ಅಷ್ಟು ಕಣ್ಣಿಗೆ ಬೀಳದು. ಬಂಡೀಪುರ, ನಾಗರಹೊಳೆಯ ಚುಕ್ಕಿ ಜಿಂಕೆಯಲ್ಲಿ ಇಂಥ ಎದ್ದುಕಾಣುವ ಋತುಭೇದವಿಲ್ಲ. ಅದರ ಬಿಳಿ ಚುಕ್ಕೆಗಳು ವರ್ಷವಿಡೀ ಉಳಿಯುತ್ತವೆ.