ಬಿಸಿಯಾದ್ರೆ ಮುಷ್ಕರ, ತಣ್ಣಗಾದ್ರೆ ಕೆಲಸಕ್ಕೆ ಹಾಜರ್!

ಸಾಫ್ಟ್‌ವೇರ್ ಕೆಲಸ ಮಾಡೋರಿಗೆ ತುಂಬಾ ತಲೆನೋವು ಕೊಡೋ ಬಗ್ ಯಾವುದು ಗೊತ್ತಾ? "ಒಮ್ಮೊಮ್ಮೆ ಮಾತ್ರ ಬರುತ್ತೆ" ಅನ್ನೋದು. ಟೆಸ್ಟರ್ ಕರೆದಾಗ ಹೋಗಿ ನೋಡಿದ್ರೆ ಎಲ್ಲಾ ಸರಿಯಾಗಿರುತ್ತೆ. ಇಂಥದ್ದೇ ಒಂದು ಬಗ್ ಅಮೆರಿಕದಲ್ಲಿ ಲಕ್ಷಾಂತರ ಗಾಡಿಗಳನ್ನು ಕಾಡಿ ಕೋರ್ಟ್ ಮೆಟ್ಟಿಲು ಹತ್ತಿದ ಕಥೆ ಇದು.

1980ರ ದಶಕದ ಫೋರ್ಡ್ ಎಫ್-150 ಪಿಕಪ್ ಟ್ರಕ್ ತಗೊಳ್ಳಿ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. ಒಂದು ಗಂಟೆ ಓಡಿಸಿ ಪೆಟ್ರೋಲ್ ಹಾಕಿಸೋಕೆ ನಿಲ್ಲಿಸಿ, ಮತ್ತೆ ಕೀ ತಿರುಗಿಸಿದ್ರೆ ಇಂಜಿನ್ ಗರಗರ ತಿರುಗುತ್ತೆ, ಹತ್ತಿಕೊಳ್ಳಲ್ಲ. ಟೋ ಮಾಡಿಸಿಕೊಂಡು ಗ್ಯಾರೇಜಿಗೆ ಹೋಗುವಷ್ಟರಲ್ಲಿ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ! ಮೆಕ್ಯಾನಿಕ್ ಮುಂದೆ ಮಾಲೀಕನೇ ಸುಳ್ಳುಗಾರ.

ಏನಾಗ್ತಿತ್ತು? ಪೆಟ್ರೋಲ್ ಇಂಜಿನ್ನಿಗೆ ಸರಿಯಾದ ಕ್ಷಣಕ್ಕೆ ಕಿಡಿ ಬೇಕು. ಇಗ್ನಿಷನ್ ಕಾಯಿಲ್‌ನಲ್ಲಿ ಹರಿಯುವ ಕರೆಂಟನ್ನು ಆ ಕ್ಷಣಕ್ಕೆ ಕಡಿದಾಗ ಕಿಡಿ ಹುಟ್ಟುತ್ತೆ. ಹಳೇ ಅಂಬಾಸಿಡರ್ ಕಾಲದಲ್ಲಿ ಈ ಕೆಲಸ ಪಾಯಿಂಟ್‌ನದ್ದು. ಅದನ್ನು ಆಗಾಗ ಉಜ್ಜಿ ಕ್ಲೀನ್ ಮಾಡಬೇಕಿತ್ತು. ಫೋರ್ಡ್ ಆ ಜಾಗಕ್ಕೆ ಟಿಎಫ್ಐ, ಅಂದ್ರೆ ಥಿಕ್ ಫಿಲ್ಮ್ ಇಗ್ನಿಷನ್ ಅನ್ನೋ ಚಿಕ್ಕ ಎಲೆಕ್ಟ್ರಾನಿಕ್ ಡಬ್ಬಿ ತಂದಿತು. ಅದನ್ನು ಕೂರಿಸಿದ್ದು ಡಿಸ್ಟ್ರಿಬ್ಯೂಟರ್ ಮೈಮೇಲೆ, ಸುಡುವ ಇಂಜಿನ್ ಪಕ್ಕದಲ್ಲೇ.

ಇಲ್ಲೊಂದು ಮಜಾ ಇದೆ. ಇಂಜಿನ್ ಆಫ್ ಮಾಡಿದ ತಕ್ಷಣ ಬಾನೆಟ್ ಒಳಗೆ ತಣ್ಣಗಾಗಲ್ಲ. ಫ್ಯಾನೂ ನಿಂತಿರುತ್ತೆ, ಕೂಲೆಂಟ್ ಹರಿಯೋದೂ ನಿಂತಿರುತ್ತೆ. ಹಾಗಾಗಿ ಸ್ವಲ್ಪ ಹೊತ್ತು ಒಳಗಿನ ಶಾಖ ಇನ್ನೂ ಏರುತ್ತೆ. ಪೆಟ್ರೋಲ್ ಬಂಕಿನಲ್ಲಿ ಗಾಡಿ ಮುನಿಸಿಕೊಳ್ಳುತ್ತಿದ್ದದ್ದು ಇದಕ್ಕೇ. ಓಡುವಾಗಲೇ ನಿಂತುಬಿಟ್ಟ ಗಾಡಿಗಳೂ ಇದ್ದವು. ಹೈವೇ ಮಧ್ಯೆ ಇಂಜಿನ್ ನಿಂತರೆ ಪವರ್ ಸ್ಟೀರಿಂಗ್ ಸಹಾಯವೂ ಹೋಗುತ್ತೆ, ಅದು ತಮಾಷೆಯಲ್ಲ.

ಇದನ್ನು ಹಿಡಿಯೋಕೆ ಒಂದೇ ದಾರಿ: ತಪ್ಪು ಆಗುತ್ತಿರುವಾಗಲೇ ನೋಡೋದು. ಬಲ್ಲ ಮೆಕ್ಯಾನಿಕ್‌ಗಳು ಸ್ಪಾರ್ಕ್ ಟೆಸ್ಟರನ್ನು ಗಾಡಿಯಲ್ಲೇ ಇಟ್ಟುಕೊಳ್ಳೋಕೆ ಹೇಳ್ತಿದ್ರು. ಕೈಕೊಟ್ಟಾಗ ಕಿಡಿ ಇದ್ರೆ ಪೆಟ್ರೋಲ್ ಕಡೆ ನೋಡಿ, ಕಿಡಿ ಇಲ್ಲದಿದ್ರೆ ಇಗ್ನಿಷನ್ ಕಡೆ. ಮಾಡ್ಯೂಲ್ ಮೇಲೆ ಒದ್ದೆ ಬಟ್ಟೆ ಇಟ್ಟಾಗ ಸ್ಟಾರ್ಟ್ ಆದ್ರೆ ಕಳ್ಳ ಅಲ್ಲೇ ಎಲ್ಲೋ ಇದ್ದಾನೆ. ಗ್ಯಾರೇಜಿನಲ್ಲಾದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ನೋಡಬಹುದು. ಆದ್ರೆ ಡಿಸ್ಟ್ರಿಬ್ಯೂಟರ್ ಒಳಗಿನ ಹಾಲ್ ಸೆನ್ಸರ್ ಕೂಡ ಬಿಸಿಗೆ ಹೀಗೇ ಆಡುತ್ತೆ. ಹಾಗಾಗಿ ಮಾಡ್ಯೂಲ್ ಬದಲಿಸುವ ಮೊದಲು ಸೆನ್ಸರ್ ಸಿಗ್ನಲ್ ಬರ್ತಿದೆಯಾ ಅಂತ ನೋಡಬೇಕು. ಸುಮ್ಮನೆ ಪಾರ್ಟ್ ಬದಲಿಸುತ್ತಾ ಹೋದ್ರೆ ಜೇಬು ಖಾಲಿ, ರೋಗ ಹಾಗೇ.

ಅಮೆರಿಕದ ಸುರಕ್ಷತಾ ಇಲಾಖೆ 1980ರ ದಶಕದಲ್ಲಿ ಫೋರ್ಡ್ ಗಾಡಿಗಳು ಹೀಗೆ ನಿಲ್ಲುವ ಬಗ್ಗೆ ಹಲವು ಸಲ ತನಿಖೆ ಶುರುಮಾಡಿ, ಮಾಡ್ಯೂಲಿಗಾಗಿ ರೀಕಾಲ್ ಮಾಡಿಸದೆಯೇ ಮುಗಿಸಿತು. ಕೊನೆಗೆ ಕ್ಯಾಲಿಫೋರ್ನಿಯಾದ ಮಾಲೀಕರು ಒಟ್ಟಾಗಿ ದಾವೆ ಹೂಡಿದರು. 2000ದಲ್ಲಿ ಅಲಮೀಡಾ ಕೌಂಟಿಯ ನ್ಯಾಯಾಧೀಶ ಮೈಕೆಲ್ ಬ್ಯಾಲಚಿ, ಫೋರ್ಡ್ ಈ ದೋಷವನ್ನು ಇಲಾಖೆಯಿಂದಲೂ ಗ್ರಾಹಕರಿಂದಲೂ ಮುಚ್ಚಿಟ್ಟಿತು ಅಂದರು; ಆ ರಾಜ್ಯದ ಸುಮಾರು 17 ಲಕ್ಷ ಗಾಡಿಗಳನ್ನು ರೀಕಾಲ್ ಮಾಡಲು ಆದೇಶಿಸಿದರು. ತನ್ನ ಗಾಡಿಗಳು ಸುರಕ್ಷಿತ ಅಂತ ಫೋರ್ಡ್ ವಾದಿಸಿತು. 2001ರಲ್ಲಿ ರಾಜಿಯಾಗಿ, ಮಾಡ್ಯೂಲ್ ಬದಲಿಸಿದ ಅರ್ಹ ಮಾಲೀಕರಿಗೆ ಖರ್ಚು ವಾಪಸ್ ಕೊಡಲು ಕಂಪನಿ ಒಪ್ಪಿತು. ಅಷ್ಟರಲ್ಲಿ ಹೊಸ ಗಾಡಿಗಳಲ್ಲಿ ಈ ಏರ್ಪಾಡೇ ಹೋಗಿತ್ತು.

ನನಗೆ ಕಾಡೋದು ಆ ಮಾಲೀಕರ ಪಾಡು. ತಣ್ಣಗಿರುವಾಗ ಪರೀಕ್ಷೆ ಮಾಡಿ "ದೋಷ ಕಾಣಲಿಲ್ಲ" ಅಂತ ಬರೆದುಕೊಟ್ಟರೆ, ಓದಿದವರು ಅದನ್ನು "ದೋಷ ಇಲ್ಲ" ಅಂತಲೇ ಅರ್ಥ ಮಾಡಿಕೊಳ್ತಾರೆ. ನಮ್ಮ ಬಗ್ ಲಿಸ್ಟಿನಲ್ಲೂ ಹೀಗೆ ಮುಚ್ಚಿದ ದೂರುಗಳು ಎಷ್ಟಿವೆಯೋ! ಒಮ್ಮೆ ತೆರೆದು, ಆಗ ಏನು ಬಿಸಿಯಾಗಿತ್ತು ಅಂತ ಕೇಳಿನೋಡಬೇಕು :)

ನಿಮ್ಮ ಗಾಡಿನೋ, ಕಂಪ್ಯೂಟರೋ ಹೀಗೆ ಕಣ್ಣಾಮುಚ್ಚಾಲೆ ಆಡಿದ್ರೆ ಹೇಗೆ ಹಿಡಿದ್ರಿ? ಬರೀರಿ.